ಹೇಮಂತ ಸೊಗಡು ಹುಡುಕಲು ಹೋದದ್ದು

ಕೆಲವರಿಗೆ ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ರಾಜಕೀಯದ ಹುಚ್ಚು ಹಿಡಿಯುತ್ತದೆ. ಹುಬ್ಬಳ್ಳಿಯ ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಕುಳಿತು ಹಾಲ್ ಟಿಕೆಟ್ ಹಂಚುವ ಹೇಮಂತನಿಗೆ ಹಳ್ಳಿಯ ಸೊಗಡು ಹಿಡಿಯಿತು. ಮೊಬೈಲಿನಲ್ಲಿ ‘ಕಾಲುದಾರಿ’ ಎಂಬ ಚಾನೆಲ್ ಶುರುವಾಯಿತು. ಮೊದಲ ವಿಡಿಯೋದಲ್ಲಿ ಅವನು ನರಗುಂದದ ಗುಡ್ಡವನ್ನು ಕೆಳಗಿನಿಂದಲೇ ತೋರಿಸಿ, ಏರುವುದು ಮುಖ್ಯವಲ್ಲ, ಅನುಭವಿಸುವುದು ಮುಖ್ಯ ಎಂದು ಗಂಭೀರವಾಗಿ ಹೇಳಿದ. ಅದನ್ನು ನೋಡಿದವರು ಅವನ ಹೆಂಡತಿ ಅನಘಾ, ಅನಘಾಳ ತಂಗಿ, ಮತ್ತು ಗುಡ್ಡದ ಕಲ್ಲು ಮಾರಾಟಕ್ಕಿದೆಯೇ ಎಂದು ಕೇಳಿದ ಒಬ್ಬ ಗುತ್ತಿಗೆದಾರ.

ಎರಡನೆಯ ವಿಡಿಯೋಕ್ಕೆ ದೊಡ್ಡ ರಸ್ತೆಯನ್ನೇ ತುಳಿಯುವುದಿಲ್ಲ ಎಂದು ಹೇಮಂತ ಪಣ ತೊಟ್ಟ. ಪಣ ತೊಟ್ಟದ್ದು ಊಟದ ಹೊತ್ತಿನಲ್ಲಾದ್ದರಿಂದ ಅನಘಾ ಬಡಿಸುತ್ತಲೇ ಹೇಳಿದಳು.

“ಹಳ್ಳೀನೇ ನೋಡಬೇಕಂದ್ರ ನಿಮ್ಮ ಅಜ್ಜಾರ ಊರಿಗೆ ಹೋಗಿ ಬರ್ರಿ. ಹೋದ ಸಲ ಸರಸ್ವತಿಬಾಯಿ ಮೌಶಿ ಕರದಾಗ ಧೂಳು, ಸೊಳ್ಳಿ ಅಂತ ನೆವಾ ಹೇಳಿ ತಪ್ಪಿಸ್ಕೊಂಡ್ರಿ.”

“ಅದು ಸಂಬಂಧಿಕರ ಹಳ್ಳಿ, ಅನಘಾ. ಸಂಬಂಧಿಕರು ಇದ್ದಲ್ಲಿ ಸೊಗಡು ಇರೂದಿಲ್ಲ, ಕೆಲಸಾ ಇರ್ತಾವ.”

“ಏನರೆ ಮಾಡ್ಕೊಳ್ರಿ. ಕಾರು ಹೊಸಾದು ಅದ, ಅದೊಂದು ನೆನಪಿರಲಿ.”

ಕಾರು ನಿಜಕ್ಕೂ ಹೊಸದು. ಸೀಟಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ, ಮುಂದೆ ಕಟ್ಟಿದ ನಿಂಬೆಹಣ್ಣು ಇನ್ನೂ ಹಸಿರಾಗಿತ್ತು. ಇಂಥ ಕಾರಿನಲ್ಲಿ ಹೇಮಂತ ರೋಣದ ತನಕ ದೊಡ್ಡ ರಸ್ತೆಯಲ್ಲೇ ಬಂದ. ಪಣ ಅಂದರೆ ಪಣ, ಆದರೆ ತಗ್ಗು ಅಂದರೆ ತಗ್ಗು. ರೋಣ ದಾಟಿ ಗಜೇಂದ್ರಗಡದ ಕಡೆ ಸ್ವಲ್ಪ ಮುಂದೆ ಹೋದ ಮೇಲೆ ಧೈರ್ಯ ಬಂತು. ದಾರಿ ಹೇಳುತ್ತಿದ್ದ ಮೊಬೈಲಿನ ಹೆಣ್ಣುಮಗಳ ಬಾಯಿ ಮುಚ್ಚಿಸಿ, ಕಡಲೆ ಹೊಲಗಳ ನಡುವೆ ಸಿಕ್ಕ ಮೊದಲ ಕಚ್ಚಾ ರಸ್ತೆಗೆ ಕಾರನ್ನು ಇಳಿಸಿಬಿಟ್ಟ. ಒಂದು ತಾಸಿನ ನಂತರ ಎದುರಿಗೆ ಕುರಿ ಹಿಂಡೊಂದು ಸಿಕ್ಕಿತು.

“ದೊಡ್ಡ ರಸ್ತೆ ಆ ಕಡೆ ಐತ್ರಿ ಯಪ್ಪಾ, ಈ ಕಡೆ ಯಾಕ ಬಂದ್ರಿ?” ಎಂದ ಕುರಿ ಕಾಯುವವ.

“ದಾರಿ ತಪ್ಪಬೇಕಂತನ ಬಂದೀನಿ.”

“ಹಂಗಾರ ಸರಿಯಾಗಿ ಬಂದೀರಿ, ಹೋಗ್ರಿ,” ಎಂದು ಅವನು ಕುರಿಗಳನ್ನು ಪಕ್ಕಕ್ಕೆ ಸರಿಸಿದ. ಆ ದಾರಿ ಹೇಮಂತನನ್ನು ಲಕ್ಕಲಕಟ್ಟಿಯ ಚಹಾದಂಗಡಿಯ ಮುಂದೆ ತಂದು ನಿಲ್ಲಿಸಿತು.

ಇಲ್ಲಿ ಹೇಮಂತನಿಗೆ ಗೊತ್ತಿಲ್ಲದ, ಆದರೆ ಓದುವವರಿಗೆ ಗೊತ್ತಿರಲೇಬೇಕಾದ ಒಂದು ಸಂಗತಿಯಿದೆ. ಆ ಊರಿನ ಪರಶಪ್ಪ ಮತ್ತು ಸಣ್ಣವ್ವನ ಮಗ ದ್ಯಾಮೇಶ ಗೋವಾದಲ್ಲಿ ಟೈಲ್ಸ್ ಕೂಡಿಸುವ ಕೆಲಸ ಮಾಡಿ ಊರಿಗೆ ಮರಳಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ, ಮಾತೂ ಹೆಚ್ಚಿಲ್ಲ. ಇಷ್ಟೆಲ್ಲ ಇಲ್ಲದಿದ್ದರೂ ಅವನಿಗೆ ಕನ್ಯಾ ಸಿಕ್ಕಿರಲಿಲ್ಲ. ಈಗಿನ ಕಾಲದಲ್ಲಿ ಹೊಲ ಉಳುವ ಗಂಡಿಗಿಂತ ಸರಕಾರಿ ಆಫೀಸಿನ ಬಾಗಿಲು ಕಾಯುವ ಗಂಡೇ ಚಲೋ ಎಂದು ಹೆಣ್ಣಿನ ತಂದೆಯರೆಲ್ಲ ಒಂದೇ ಬಾಯಿಂದ ಹೇಳುತ್ತಿದ್ದರು. ಅಂತೂ ಇಟಗಿಯ ಭಾಗ್ಯಾ ಎಂಬ ಹುಡುಗಿ ದ್ಯಾಮೇಶನನ್ನು ಒಪ್ಪಿದ್ದಳು. ಉಳಿದದ್ದು ಒಂದೇ, ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆ ನೋಡುವುದು. ಇಟಗಿಯಿಂದ ಖಡಕ್ ಸುದ್ದಿ ಬಂದಿತ್ತು: “ಒಬ್ಬರನ್ನ ಕಳಸ್ತೇವಿ. ನಮ್ಮವರಿರಬಹುದು, ಗುರುತಿನ ಮಾಸ್ತರಿರಬಹುದು. ಯಾರು, ಯಾವತ್ತು ಅಂತ ಹೇಳೂದಿಲ್ಲ. ಅವರು ಹೂಂ ಅಂದ್ರಷ್ಟ ಮುಂದಿನ ಮಾತು.”

ಮನೆ ನೋಡಲು ಬಂದವರ ಕಣ್ಣಿಗೆ ಮನೆ ಬೀಳದಂತೆ ನೋಡಿಕೊಳ್ಳುವುದು ಆ ಕಡೆ ಇಡೀ ಓಣಿಯ ಹೊಣೆ. ಇವತ್ತು ಇವರ ಮಗನಿಗೆ ಕೊಟ್ಟ ಪಾತ್ರೆ ನಾಳೆ ತಮ್ಮ ಮಗನಿಗೆ ಬರಬೇಕಲ್ಲ. ಹೀಗಾಗಿ ಲಕ್ಕಲಕಟ್ಟಿ ಎಂಟು ದಿನದಿಂದ ತುದಿಗಾಲಿನಲ್ಲಿ ನಿಂತಿತ್ತು.

ಹೇಮಂತ ಕಪ್ಪು ಕನ್ನಡಕ ಹಾಕಿಕೊಂಡು, ಬಟ್ಟೆಯ ಟೊಪ್ಪಿಗೆ ಸರಿಮಾಡಿಕೊಂಡು ಕೆಳಗಿಳಿದ. ಅಂಗಡಿಯ ಕಟ್ಟೆಯ ಮೇಲಿನವರು ಅವತ್ತಿನ ಸುದ್ದಿ ಅಗಿಯುತ್ತಿದ್ದರು: ಫ್ರಿಜ್ಜು, ಗಾಡಿ ಇದ್ದವರ ರೇಶನ್ ಕಾರ್ಡು ಕಿತ್ತುಕೊಳ್ಳುತ್ತಾರಂತೆ, ಫೋಟೋ ಹೊಡೆದುಕೊಂಡು ಹೋಗಲು ಮಂದಿ ಬರುತ್ತಾರಂತೆ. ಹೇಮಂತನನ್ನು ಕಂಡು ಎಲ್ಲರೂ ಗಪ್ ಆದರು.

“ಇಲ್ಲೆ ಹಳೇ ಮನಿ ಯಾವುದಾದ್ರೂ ಅದ ಏನ್ರಿ?” ಎಂದು ಹೇಮಂತ ಅಂಗಡಿಯ ಮೆಹಬೂಬಸುಭಾನಿಯನ್ನು ಕೇಳಿದ. “ಒಳಗ ಹೋಗಿ ನೋಡಬೇಕಾಗಿತ್ತು. ಅಡಿಗಿ ಮನಿ, ದನದ ಕೊಟ್ಟಿಗಿ, ಎಲ್ಲಾ. ಮಂದಿ ಹ್ಯಾಂಗ ಬದುಕ್ತಾರ ಅಂತ ತಿಳ್ಕೋಬೇಕು.”

ಮೆಹಬೂಬಸುಭಾನಿಯ ಕೈಯಲ್ಲಿದ್ದ ಚಹಾದ ಸೋಸಣಿಗೆ ಅಲ್ಲೇ ನಿಂತಿತು.

“ಯಾರ ಮನಿ ಅಂತ ಹೇಳಬ್ಯಾಡ್ರಿ ಸಾಹೇಬ್ರ,” ಎಂದ ಅವನು ದನಿ ತಗ್ಗಿಸಿ. “ನಮಗ ಗೊತ್ತಾತು. ಕೂಡ್ರಿ. ಮೊದಲ ಚಾ ಕುಡೀರಿ.”

ಮೊದಲು ಚಹಾ ಬಂತು, ಆಮೇಲೆ ಮಿರ್ಚಿ, ಆಮೇಲೆ ಮತ್ತೆ ಚಹಾ. ಹೇಮಂತ ಏಳಲು ಹೊರಟಾಗಲೆಲ್ಲ ಗಿರ್ಮಿಟ್ಟು ಬಂತು. ಕೇಳದಿದ್ದರೂ ಪ್ರತಿಯೊಬ್ಬರೂ ಹತ್ತಿರ ಬಂದು, ಊರಲ್ಲಿ ದ್ಯಾಮೇಶನಂಥ ಹುಡುಗ ಇನ್ನೊಬ್ಬನಿಲ್ಲ ಎಂದು ಹೇಳಿ ಹೋದರು. ಹೇಮಂತನಿಗೆ ದ್ಯಾಮೇಶ ಯಾರೆಂದು ಗೊತ್ತಿರಲಿಲ್ಲ. ಪರರನ್ನು ಇಷ್ಟು ಹೊಗಳುವ ಜನ ಪಟ್ಟಣದಲ್ಲಿ ಎಲ್ಲಿದ್ದಾರೆ ಎಂದು ಅವನ ಕಣ್ಣು ತುಂಬಿ ಬಂತು. ಮಿರ್ಚಿ ಸ್ವಲ್ಪ ಖಾರವೂ ಇತ್ತು. ದುಡ್ಡು ಕೊಡಹೋದರೆ ಮೆಹಬೂಬಸುಭಾನಿ ಎರಡೂ ಕಿವಿ ಮುಟ್ಟಿಕೊಂಡ.

ಅದೇ ಹೊತ್ತಿಗೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಒಬ್ಬ ದಾರಿಹೋಕ ಬೈಕಿನಲ್ಲಿ ಬಂದು, ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಚಹಾ ಕೇಳಿದ. ಹೆಸರು ನಿಂಗರಾಜ ಎಂದ. ಮೆಹಬೂಬಸುಭಾನಿ ಚಹಾ ಬಿಟ್ಟು ಬೈಕನ್ನೇ ನೋಡಿದ.

“ಅಣ್ಣಾರ, ನಿಮ್ಮ ಗಾಡಿ ಒಂದು ತಾಸು ಕೊಡ್ತೀರೇನ್ರಿ? ಒಬ್ಬ ಹುಡುಗನ ಲಗ್ನದ ಮಾತೈತಿ. ಅಂಗಳದಾಗ ನಿಂದ್ರಸಾಕ ಒಂದು ಗಾಡಿ ಬೇಕಾಗೇತಿ.”

“ಯಾವ ಹುಡುಗ?”

“ದ್ಯಾಮೇಶ ಅಂತ. ಬಂಗಾರದಂಥ ಹುಡುಗ. ಮನ್ಯಾಗ ಏನಿಲ್ಲ, ಅದಕ್ಕ ನಾವ ತುಂಬಾಕತ್ತೇವಿ. ಅಲ್ನೋಡ್ರಿ, ಹೆಣ್ಣಿನ ಕಡೆಯವರು ಬಂದು ಕುಂತಾರ. ಕಾರಿನ್ಯಾಗ ಬಂದಾರ!”

ನಿಂಗರಾಜ ಹೇಮಂತನನ್ನು ಟೊಪ್ಪಿಗೆಯಿಂದ ಬೂಟಿನ ತನಕ ಬಹಳ ಹೊತ್ತು ನೋಡಿದ. ಆಮೇಲೆ ಕೀಲಿಯನ್ನು ಕಿಸೆಗೆ ಹಾಕಿಕೊಂಡು, “ತಳ್ಕೊಂಡು ಹೋಗ್ರಿ. ನಾನೂ ಬರ್ತನಿ, ಏನರ ಎತ್ತೂದಿದ್ರ ಹೇಳ್ರಿ,” ಎಂದ. ಎತ್ತುವುದಿತ್ತು.

ಹೇಮಂತನನ್ನು ಓಣಿಯೊಳಗೆ ಕರೆದುಕೊಂಡು ಹೊರಟಾಗ ಮುಂದೆ ಒಂದು ಫ್ರಿಜ್ ನಡೆದುಹೋಗುತ್ತಿತ್ತು. ಅದರ ಕೆಳಗೆ ನಾಲ್ಕು ಜನರಿದ್ದರು, ಅದರಲ್ಲಿ ನಿಂಗರಾಜನೂ ಒಬ್ಬ. ಹಿಂದಿನಿಂದ ಮೆಹಬೂಬಸುಭಾನಿಯ ತಾಯಿ ಮೈಮುನಬಿ, “ಹೌರಗ ಒಯ್ರಿ, ಬಾಗಲಾ ತಗೀಬ್ಯಾಡ್ರಿ, ಒಳಗ ಹುಡುಗೂರ ಐಸ್ ಐತಿ,” ಎಂದು ಕೂಗುತ್ತ ಬರುತ್ತಿದ್ದಳು. ಇನ್ನೊಂದು ಸಂದಿಯಿಂದ ಅಂಗನವಾಡಿಯ ರೂಪಾಳ ಸೋಫಾ ಹೊರಬಂತು. ಇವರನ್ನು ಕಂಡು ಫ್ರಿಜ್ ಹೊತ್ತವರು ಒಂದು ಕ್ಷಣ ಗೋಡೆಗೆ ಅಂಟಿ ನಿಂತರು, ಫ್ರಿಜ್ ಹೊತ್ತು ನಿಂತವರು ಕಾಣಿಸುವುದೇ ಇಲ್ಲವೆಂಬಂತೆ.

ಹೇಮಂತ ಪುಲಕಿತನಾಗಿ ಮೊಬೈಲು ಎತ್ತಿದ. “ನೋಡ್ರಿ ವೀಕ್ಷಕರೇ! ಇಲ್ಲೆ ನಂದು ನಿಂದು ಅನ್ನೂ ಭೇದ ಇಲ್ಲ. ಒಬ್ಬರ ವಸ್ತು ಅಂದ್ರ ಎಲ್ಲಾರ ವಸ್ತು! ನಾವು ಪಟ್ಟಣದ ಮಂದಿ ಇದನ್ನ ಕಲೀಬೇಕು.” ಓಣಿಯವರೆಲ್ಲ ಈ ಮಾತನ್ನು ಚೆನ್ನಾಗಿ ಕೇಳಿಸಿಕೊಂಡರು.

ಪರಶಪ್ಪನ ಮನೆಯ ಅಂಗಳದಲ್ಲಿ ನಿಂಗರಾಜನ ಬೈಕು ಹಣೆಗೆ ಕುಂಕುಮ ಹಚ್ಚಿಕೊಂಡು ನಿಂತಿತ್ತು. ಪಡಸಾಲೆಯಲ್ಲಿ ಸೋಫಾ, ಅದರ ಪಕ್ಕದಲ್ಲಿ ಫ್ರಿಜ್. ಕರೆಂಟಿನ ಗುಂಡಿ ಎಲ್ಲಿದೆಯೆಂದು ಯಾರಿಗೂ ಹೊಳೆಯದೆ ಅದರ ವಾಯರನ್ನು ಸೋಫಾದ ಕೆಳಗೆ ತುರುಕಿದ್ದರು. ದ್ಯಾಮೇಶ ಇಸ್ತ್ರಿಯ ಅಂಗಿ ತೊಟ್ಟು ಕಂಬಕ್ಕೆ ಒರಗಿದ್ದ. ಗೋವಾದಲ್ಲಿ ಉಳಿದ ತುಂಡು ಟೈಲ್ಸುಗಳನ್ನು ಕೂಡಿಟ್ಟು ತಂದು, ಆ ಪಡಸಾಲೆಗೆ ತಾನೇ ಕೂಡಿಸಿದ್ದ. ಒಂದರ ಬಣ್ಣ ಇನ್ನೊಂದಕ್ಕಿಲ್ಲ, ಆದರೆ ಒಂದೂ ಅಲುಗಾಡುತ್ತಿರಲಿಲ್ಲ. ಬರುವವಳು ಮೊದಲು ಕಾಲಿಡುವುದು ಇಲ್ಲೇ ಎಂದು ರಾತ್ರಿಹಗಲು ಉಜ್ಜಿದ್ದ.

“ಅಯ್ಯಯ್ಯ, ಈ ಟೈಲ್ಸ್ ಯಾಕ ಹಾಕಿದ್ರಿ?” ಎಂದ ಹೇಮಂತ. “ಶೆಗಣಿ ಸಾರಿಸಿದ ನೆಲಾ ಎಷ್ಟು ಚಂದ ಇರ್ತಿತ್ತು!”

ದ್ಯಾಮೇಶನ ಮುಖ ಸಪ್ಪಗಾಯಿತು. ಪರಶಪ್ಪ ಗಡಬಡಿಸಿ ಫ್ರಿಜ್ಜಿನ ಬಾಗಿಲು ತೆಗೆದ. “ಇಲ್ನೋಡ್ರಿ, ತಂಪು ಪೆಟಗಿ.” ಒಳಗಿನಿಂದ ಮೈಮುನಬಿಯ ಮೊಮ್ಮಕ್ಕಳ ಐಸ್ ಕರಗಿ ಕೆಂಪು ನೀರು ಟೈಲ್ಸಿನ ಮೇಲೆ ಸುರಿಯಿತು. ಹೇಮಂತ ಅದನ್ನೂ ನೋಡಲಿಲ್ಲ. ಅವನ ಕಣ್ಣು ಹಿಂಬದಿಯ ಗೋಡೆಯ ಮೇಲೆ ನೆಟ್ಟಿತ್ತು. ಅಲ್ಲಿ ಸಣ್ಣವ್ವ ಒಂದು ದೊಡ್ಡ ಕೌದಿಯನ್ನು ಇಳಿಬಿಟ್ಟು, ಎರಡೂ ಕೈ ಚಾಚಿ ಅದರ ಮುಂದೆ ನಿಂತಿದ್ದಳು.

“ಅದರ ಹಿಂದ ಏನದ ಅವ್ವಾರ?”

“ಏನಿಲ್ರಿ. ಗ್ವಾಡಿ ಐತ್ರಿ.”

ಅರ್ಧ ಸತ್ಯ. ಅರ್ಧ ಗೋಡೆ ಹೋದ ಮಳೆಗಾಲದಲ್ಲೇ ಬಿದ್ದಿತ್ತು. ಹೇಮಂತ ಕೌದಿ ಸರಿಸಿದ. ಮಣ್ಣು, ಹುಲ್ಲು, ಕಲ್ಲು, ಅದರ ಸಂದಿಯಿಂದ ಒಳಗೆ ಇಣುಕುತ್ತಿರುವ ಎಮ್ಮೆ.

“ಆಹಾ!” ಎಂದ ಹೇಮಂತ. ಫೋಟೋ ಹೊಡೆದ. ಬಗ್ಗಿ ಹೊಡೆದ, ಕುಳಿತು ಹೊಡೆದ, ಎಮ್ಮೆಯನ್ನು ಸೇರಿಸಿ ಹೊಡೆದ. ಹೊಸ ಸೋಫಾ ಬಿಟ್ಟು ಒಡೆದ ಒಲೆಯನ್ನು ಹೊಡೆದ, ಸ್ಟೀಲಿನ ಡಬ್ಬಿ ಬಿಟ್ಟು ಸೀಳು ಬಿಟ್ಟ ಗಡಿಗೆಯನ್ನು ಹೊಡೆದ. ಮನೆಯಲ್ಲಿ ಏನೇನನ್ನು ಬಚ್ಚಿಡಲಾಗಿತ್ತೋ ಅದೆಲ್ಲವನ್ನೂ ಹುಡುಕಿ ಹುಡುಕಿ ಹೊರಗೆಳೆದು, ಬೆಳಕಿಗೆ ಹಿಡಿದು ಹೊಡೆದ. ಪೊಲೀಸರು ಬಂದಿದ್ದರೂ ಇಷ್ಟು ಶಿಸ್ತಿನಿಂದ ಝಡ್ತಿ ಮಾಡುತ್ತಿರಲಿಲ್ಲ.

“ಮುಗೀತು ನನ್ನ ಮಗನ ಹಣೇಬಾರ,” ಎಂದು ಸಣ್ಣವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

“ಯುಗಾದಿ ಒಳಗ ಗ್ವಾಡಿ ಕಟ್ಟಸ್ತೇವ್ರಿ ಸಾಹೇಬ್ರ,” ಎಂದ ಪರಶಪ್ಪ. “ಸಿಮೆಂಟಿಲೆ ಕಟ್ಟಸ್ತೇವಿ.”

“ಕಟ್ಟಸಬ್ಯಾಡ್ರಿ! ಕೈ ಮುಗೀತೀನಿ. ಗ್ವಾಡಿ ಹಿಂಗೇ ಇರಲಿ. ನೀವು ಕಟ್ಟಿಸಿದ್ರ ನಾ ಮತ್ತ ಈ ಕಡೆ ಬರೂದೇ ಇಲ್ಲ.”

ಪರಶಪ್ಪ ಮೆಹಬೂಬಸುಭಾನಿಯ ಮುಖ ನೋಡಿದ. ಗೋಡೆ ಬಿದ್ದ ಮನೆಗೇ ಹೆಣ್ಣು ಕೊಡುತ್ತೇವೆ ಎಂಬ ಬೀಗರು ಅವರ ವಂಶದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಮೆಹಬೂಬಸುಭಾನಿ ಮಾತನ್ನು ಬೇಗ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದೆಂದು ಮುಂದೆ ಬಂದ. “ಅಂದ್ರ ಸಾಹೇಬ್ರ, ಎಲ್ಲಾ ಮನಸ್ಸಿಗೆ ಬಂತ್ರೀ? ಹೂಂ ಅನ್ನೂಣೇನ್ರಿ?”

“ಹೂಂ ಅಂದ್ರ ಹೂಂ! ಇಷ್ಟು ದಿನಾ ನಾ ಹುಡುಕಿದ್ದು ಇದನ್ನ. ನನ್ನ ಪೂರಾ ಒಪ್ಪಿಗಿ ಅದ.”

ಕೂಡಲೇ ಸಣ್ಣವ್ವ ಓಡಿಹೋಗಿ ಸಕ್ಕರೆ ತಂದು ಅವನ ಬಾಯಿ ತುಂಬ ಸುರಿದಳು. ಹೆಂಗಸರು ದ್ಯಾಮೇಶನ ಹಣೆಗೆ ಕುಂಕುಮ ಇಟ್ಟರು. ಯಾರೋ ಪಟಾಕಿ ತರಲು ಓಡಿದರು. ಹೇಮಂತ ಸಕ್ಕರೆ ಅಗಿಯುತ್ತ ಇದನ್ನೂ ವಿಡಿಯೋ ಮಾಡಿದ. ಬಂದವರ ಬಾಯಿ ಸಿಹಿ ಮಾಡಿ ಕಳಿಸುವ ಪದ್ಧತಿ ಎಂದು ಅದಕ್ಕೆ ವಿವರಣೆಯನ್ನೂ ಕೊಟ್ಟ.

“ಹಂಗಾರ ಇಟಗಿಗೆ ನಾವು ಯಾವಾಗ ಬರೂದ್ರಿ?” ಎಂದು ಪರಶಪ್ಪ ಕೈಮುಗಿದು ಕೇಳಿದ.

“ಇಟಗಿಗೆ? ಹೋಗಿ ಬರ್ರಿ, ಭೀಮಾಂಬಿಕಾ ಗುಡಿ ಭಾಳ ಚಲೋ ಅದಂತ. ನಾ ಮಾತ್ರ ಹುಬ್ಬಳ್ಳಿಗೆ ಹೊಂಟೀನಿ.”

“ಗುಡಿಗಲ್ರಿ. ಹುಡುಗಿ ಮನಿಗೆ.”

“ಯಾವ ಹುಡುಗಿ?”

ಪಡಸಾಲೆಯಲ್ಲಿ ಎಮ್ಮೆ ಬಿಟ್ಟರೆ ಮತ್ಯಾರೂ ಉಸಿರಾಡಲಿಲ್ಲ. “ಮತ್ತ ನೀವು ಯಾರ್ರಿ?” ಎಂದ ಮೆಹಬೂಬಸುಭಾನಿ. “ಎದಕ್ಕ ಬಂದ್ರಿ?”

“ಸುಮ್ನ ನೋಡಾಕ.”

“ಏನ ನೋಡಾಕ?”

“ಹಿಂಗ... ಊರು, ಮನಿ, ಮಂದಿ.”

ಈ ಉತ್ತರವನ್ನು ಲಕ್ಕಲಕಟ್ಟಿಯಲ್ಲಿ ಯಾರೂ ನಂಬಲಿಲ್ಲ. ಹೊಸ ಕಾರು ತೆಗೆದುಕೊಂಡು, ತಗ್ಗಿನ ರಸ್ತೆಯಲ್ಲಿ ಬಂದು, ಬಿದ್ದ ಗೋಡೆ ನೋಡಿ ಹೋಗುವ ಶಾಣ್ಯಾ ಮನುಷ್ಯ ಇರಲು ಸಾಧ್ಯವೇ? ಫೋಟೋ ಹೊಡೆದಿದ್ದಾನೆ. ಫ್ರಿಜ್ ಹೊತ್ತೊಯ್ಯುವುದನ್ನೂ ಹೊಡೆದಿದ್ದಾನೆ. ಕಟ್ಟೆಯ ಮೇಲಿನ ಸುದ್ದಿ ಎಲ್ಲರ ತಲೆಯಲ್ಲಿ ಒಮ್ಮೆಗೇ ಭುಗಿಲೆದ್ದಿತು.

“ರೇಶನ್ ಕಾರ್ಡಿನ ಸಾಹೇಬ್ರು!” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಹೇಮಂತ ಅಲ್ಲವೆನ್ನಬಹುದಿತ್ತು. ಆದರೆ ಹದಿನೆಂಟು ವರ್ಷ ಹಾಲ್ ಟಿಕೆಟ್ ಹಂಚಿದವನನ್ನು ಯಾರೂ ಅಷ್ಟು ಭಯದಿಂದ ಸಾಹೇಬ್ರು ಎಂದಿರಲಿಲ್ಲ. ಆ ಸುಖಕ್ಕೆ ಅವನು ಒಂದು ಅರೆಗಳಿಗೆ ತಡಮಾಡಿದ. ಅಷ್ಟು ಸಾಕಾಯಿತು.

ಪರಶಪ್ಪ ಅವನ ಕಾಲ ಬಳಿ ಕೂತುಬಿಟ್ಟ. “ಇದ್ಯಾವುದೂ ನಮ್ದಲ್ರಿ ಯಪ್ಪಾ! ಫ್ರಿಜ್ಜು ಮೈಮುನಬಿದು, ಸೋಫಾ ರೂಪಕ್ಕಂದು. ನಮ್ದು ಏನಿದ್ರೂ ಆ ಬಿದ್ದ ಗ್ವಾಡಿ. ಅದನ್ನ ಇನ್ನೊಂದು ಸಲ ಹೊಡಕೊಳ್ರಿ.”

“ನಂದು ಅಂತ ಯಾವ ಬಾಯಿಲೆ ಅಂದಿ?” ಎಂದು ಮೈಮುನಬಿ ಚೀರಿದಳು. ಅವಳಿಗೂ ಒಂದು ಕಾರ್ಡಿತ್ತು. “ನಾ ಹುಟ್ಟಿದಾಗಿಂದ ಫ್ರಿಜ್ಜಿನ ನೀರ ಕುಡದಾಕಿ ಅಲ್ಲ. ಅದು ಪರಶಪ್ಪಂದ, ಆಣಿ ಮಾಡ್ತನಿ!”

“ಸೋಫಾನೂ ಅವರ್ದರಿ,” ಎಂದಳು ರೂಪಾ. “ನಮ್ಮ ಮನ್ಯಾಗ ನೆಲದ ಮ್ಯಾಲ ಕೂಡ್ತೇವಿ.”

“ಬೈಕು?” ಎಂದು ಒಬ್ಬ ಕೇಳಿದ. ಅದು ದ್ಯಾಮೇಶನದೇ ಎಂದು ಮೆಹಬೂಬಸುಭಾನಿ ಸಾಕ್ಷಿ ಹೇಳಿದ, ಕೊಂಡ ದಿನ ತಾನೇ ತೆಂಗಿನಕಾಯಿ ಒಡೆದದ್ದೂ ಅವನಿಗೆ ನೆನಪಾಯಿತು. ಹೀಗೆ ಬೆಳಗ್ಗೆ ಒಂದು ಎಮ್ಮೆಯ ಒಡೆಯನಾಗಿದ್ದ ಪರಶಪ್ಪ, ಬೇಡಬೇಡವೆಂದು ಅಳುತ್ತಲೇ, ಊರಿನ ಸಿರಿವಂತನಾದ.

ಆಗ ಬಾಗಿಲ ಬಳಿ ಟವೆಲ್ಲಿನಿಂದ ಬೆವರು ಒರೆಸುತ್ತ ಕುಳಿತಿದ್ದ ನಿಂಗರಾಜ ಕೆಮ್ಮಿದ.

“ನಾ ಇಟಗಿಯಿಂದ ಬಂದೇನ್ರಿ,” ಎಂದ. “ಭಾಗ್ಯಾಳ ಕಾಕಾ.”

ದ್ಯಾಮೇಶ ಕಂಬವನ್ನು ಬಿಟ್ಟು ನೆಟ್ಟಗೆ ನಿಂತ. ಅವನ ಕಣ್ಣು ಮಾತ್ರ ನಿಂಗರಾಜನ ಮುಖದಲ್ಲೇ ಇತ್ತು. ಪರಶಪ್ಪನ ಸ್ಥಿತಿಯನ್ನು ವೈರಿಗೂ ಬಯಸಬಾರದು. ಎದುರಿಗೆ ಕಾರ್ಡು ಕೀಳುವ ಸಾಹೇಬ, ಪಕ್ಕದಲ್ಲಿ ಹೆಣ್ಣು ಕೊಡುವ ಬೀಗ. ಒಬ್ಬನಿಗೆ ಇಲ್ಲ ಅನ್ನಬೇಕು, ಇನ್ನೊಬ್ಬನಿಗೆ ಇದೆ ಅನ್ನಬೇಕು, ಇರುವುದು ಒಂದೇ ಬಾಯಿ.

ಸಣ್ಣವ್ವ ಗಂಡನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

“ಕಾರ್ಡು ಹೋದ್ರ ಹೋಗಲಿ. ಹರದು ಒಯ್ರಿ!” ಎಂದಳು ಹೇಮಂತನಿಗೆ. “ಫ್ರಿಜ್ಜು ನಮ್ದ, ಸೋಫಾ ನಮ್ದ, ಅಂಗಳದಾನ ಗಾಡೀನೂ ನನ್ನ ಮಗಂದ. ದುಡದು ತಗೊಂಡಾನ. ಬರ್ಕೊಳ್ರಿ!”

ನಿಂಗರಾಜ ಕಿಸೆಯಿಂದ ಬೈಕಿನ ಕೀಲಿ ತೆಗೆದು ಫ್ರಿಜ್ಜಿನ ತಲೆಯ ಮೇಲಿಟ್ಟ. ಸಣ್ಣವ್ವ ಕೀಲಿ ನೋಡಿದಳು. ಆಮೇಲೆ ನೆಲ ನೋಡಿದಳು. ನೋಡಲು ಅಲ್ಲಿ ಟೈಲ್ಸಾದರೂ ಇದ್ದವು.

“ತಲಿ ಕೆಳಗ ಹಾಕಬ್ಯಾಡ್ರಿ ಅಕ್ಕಾರ,” ಎಂದ ನಿಂಗರಾಜ. “ಹೋದ ತಿಂಗಳ ನೀವು ಹುಡುಗಿ ನೋಡಾಕ ಬಂದಾಗ ನಾ ಊರಾಗ ಇದ್ದಿದ್ದಿಲ್ಲ, ಆದ್ರ ನಮ್ಮ ಅಂಗಳದಾಗ ಎರಡು ಎಮ್ಮಿ ಕಟ್ಟಿದ್ದಿವೆಲ್ಲ, ಎರಡೂ ಮಗ್ಗಲ ಮನೀವು. ಹುಡುಗಿ ಕೊಳ್ಳಾಗಿನ ಸರಾ ನನ್ನ ಹೆಂಡತೀದು. ನೀವು ಎಮ್ಮಿ ಬೆನ್ನು ಸವರಿ, ಭಾಳ ಚಲೋ ಸಾಕೀರಿ ಅಂದ್ರಂತ. ನಾವ ಏನರ ಅಂದಿವೇನು?” ಅವನು ಬಗ್ಗಿ ಟೈಲ್ಸಿನ ಸಂದಿಯ ಮೇಲೆ ಉಗುರು ಎಳೆದ. “ಫ್ರಿಜ್ಜು ನಾನ ಹೊತ್ತು ತಂದೇನಿ. ಗಾಡಿ ನಂದ ಐತಿ. ಈ ಮನ್ಯಾಗ ನಾ ಹೊರಲಾರದ್ದು ಇದೊಂದ. ಇದನ್ನ ಹುಡುಗಾ ಮಾಡ್ಯಾನಂತ, ಚಲೋ ಮಾಡ್ಯಾನ. ನನ್ನ ಹೂಂ ಐತ್ರಿ.”

ಸಣ್ಣವ್ವ ಗಟ್ಟಿಯಾಗಿ ಅತ್ತುಬಿಟ್ಟಳು. ಉಳಿದ ಸಕ್ಕರೆ ಹುಡುಕಿದರು. ಅದು ಹೇಮಂತನ ಬಾಯಿಗೆ ಹೋಗಿಬಿಟ್ಟಿತ್ತು.

“ಆದ್ರ ಒಂದು ಮಾತು,” ಎಂದ ನಿಂಗರಾಜ. “ಬುಧವಾರ ಹುಡುಗಿ ಸೋದರಮಾವ ಬರ್ತಾನ, ನಾಕು ಹೆಣ್ಣಮಕ್ಕಳನ್ನ ಕರ್ಕೊಂಡು. ಅವ ಭಾಳ ಬಿಗಿ ಮನಶಾ. ಬೈಕಿಗೆಲ್ಲಾ ಬಗ್ಗವಲ್ಲ.” ಹೇಳುತ್ತ ಅವನು ಓಣಿಯ ತುದಿಯಲ್ಲಿ ನಿಂತ ಹೇಮಂತನ ಬಿಳಿಯ ಕಾರಿನ ಕಡೆ ನೋಡಿದ. ಅವನ ಹಿಂದೆ ಪರಶಪ್ಪ ನೋಡಿದ, ಮೈಮುನಬಿ ನೋಡಿದಳು, ಕೊನೆಗೆ ಇಡೀ ಓಣಿ ನೋಡಿತು.

“ಸಾಹೇಬ್ರ, ನೀವು ಖರೇನ ರೇಶನ್ ಕಾರ್ಡಿನವರಾ?” ಎಂದು ಮೆಹಬೂಬಸುಭಾನಿ ಮೆತ್ತಗೆ ಕೇಳಿದ.

“ಅಲ್ಲ,” ಎಂದ ಹೇಮಂತ. “ಕಾಲೇಜಿನ ಕ್ಲಾರ್ಕು.”

“ಹಂಗಾರ ಚಿಂತಿಲ್ಲ. ಓಣ್ಯಾಗ ನೀವ ಅಂದ್ರೆಲ್ಲರಿ, ಒಬ್ಬರ ವಸ್ತು ಅಂದ್ರ ಎಲ್ಲಾರ ವಸ್ತು ಅಂತ. ವಿಡಿಯೋದಾಗೂ ಐತಿ.”

ಹೇಮಂತ ಏನೇನೋ ಹೇಳಲು ನೋಡಿದ. ಸೀಟಿನ ಪ್ಲಾಸ್ಟಿಕ್ ಎಂದ, ಅನಘಾ ಎಂದ. ಕಂಬದ ಬಳಿ ದ್ಯಾಮೇಶ ಮೊದಲ ಸಲ ಬಾಯಿ ಬಿಟ್ಟು, “ಪ್ಲಾಸ್ಟಿಕ್ ತಗಿಯೂದಿಲ್ರಿ ಅಣ್ಣಾರ,” ಎಂದ. ಆ ಮುಖಕ್ಕೆ ಇಲ್ಲ ಅನ್ನಲು ಹೇಮಂತನಿಂದ ಆಗಲಿಲ್ಲ.

ಸಂಜೆ ನಿಂಗರಾಜ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗಜೇಂದ್ರಗಡದ ಬಸ್ ನಿಲ್ದಾಣಕ್ಕೆ ಬಿಟ್ಟ. ಬಸ್ಸು ದೊಡ್ಡ ರಸ್ತೆಯಲ್ಲೇ ಹೋಯಿತು. ಹುಬ್ಬಳ್ಳಿಯ ತನಕ ಹೇಮಂತ ನಿಂತೇ ಬಂದ, ಪಕ್ಕದ ಸೀಟಿನವರ ಮಡಿಲ ಬುಟ್ಟಿಯ ಕೋಳಿಯೊಂದು ಅವನ ಮೊಣಕೈ ಕುಕ್ಕುತ್ತ ಬಂತು. ಆ ಸೊಗಡನ್ನು ಅವನು ವಿಡಿಯೋ ಮಾಡಲಿಲ್ಲ.

ಕಾರು ಎಲ್ಲಿ ಎಂದು ಅನಘಾ ಕೇಳಿದಾಗ ಹಳ್ಳಿಯ ಸಂಸ್ಕೃತಿಯ ಬಗ್ಗೆ ದೀರ್ಘವಾಗಿ ಹೇಳಿದ. ಅವಳು ಪೂರ್ತಿ ಕೇಳಿದಳು. ಆಮೇಲೆ ಬುಧವಾರದ ತನಕ ಮಾತಾಡಲಿಲ್ಲ.

ಬುಧವಾರ ಸಂಜೆ ಅವನ ಮೊಬೈಲಿಗೆ ಒಂದು ಫೋಟೋ ಬಂತು. ಪರಶಪ್ಪನ ಮನೆಯ ಹಿಂದೆ ಬಿಳಿಯ ಕಾರು, ಅದಕ್ಕೆ ಚೆಂಡುಹೂವಿನ ಮಾಲೆ, ಮುಂದೆ ಮೀಸೆ ತಿರುವುತ್ತ ನಿಂತ ಸೋದರಮಾವ, ಪಕ್ಕದಲ್ಲಿ ಹಲ್ಲು ಬಿಟ್ಟ ದ್ಯಾಮೇಶ. ಹೇಮಂತ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ಗೋಡೆ ಹುಡುಕಿದ. ಬಿದ್ದ ಗೋಡೆಗೆ ಸರಿಯಾಗಿ ಅಡ್ಡವಾಗಿ ಕಾರು ನಿಲ್ಲಿಸಿದ್ದರು. ಒಂದು ಕಲ್ಲೂ ಕಾಣುತ್ತಿರಲಿಲ್ಲ.

ಕೆಳಗೆ ಬರೆದಿತ್ತು: “ಎಲ್ಲಾ ಪಕ್ಕಾ ಆತ್ರಿ. ಮುಂದಿನ ತಿಂಗಳ ಲಗ್ನ. ಅಲ್ಲೀತನಕ ಗಾಡಿ ಇರಲೇನ್ರಿ?”

ಅನಘಾ ಮೊಬೈಲು ಕಸಿದುಕೊಂಡು ತಾನೇ ಉತ್ತರ ಬರೆದಳು: “ಕಾರು ಶನಿವಾರ ಬೇಕು. ಬೇಕಂದ್ರ ಇವರನ್ನ ಕಳಸ್ತೀನಿ, ಲಗ್ನದ ತನಕ ಇಟ್ಕೊಳ್ರಿ.”